ಬಿಷಪ್ಪನ ಮೂರು ದಿನದ ಸನ್ನಡತೆ

ಕುದುರೆಯ ವಿಷಯದಲ್ಲಿ ವೆಂಡೆಲ್ ಓಡೆಗಾರ್ಡ್‌ನನ್ನು ಮೀರಿಸುವವನು ಮಿನೆಸೋಟದಲ್ಲಿ ಇನ್ನೂ ಹುಟ್ಟಿಲ್ಲ. ಹುಟ್ಟಿದ ಒಬ್ಬಿಬ್ಬರು ನಾಚಿಕೆ ತಾಳಲಾರದೆ ಪಕ್ಕದ ರಾಜ್ಯ ಅಯೋವಾಕ್ಕೆ ಹೊರಟುಹೋದರು. ಫೋನಿನಲ್ಲಿ ಗೊರಸಿನ ಸದ್ದು ಕೇಳಿಸಿದರೆ ಸಾಕು, ಕುದುರೆಯ ಬಣ್ಣ, ವಯಸ್ಸು, ಬೆಳಗ್ಗೆ ಮೇದ ಹುಲ್ಲು ಯಾರ ಹೊಲದ್ದು, ಅದರ ತಾಯಿ ಸಾಧುವೋ ಜಗಳಗಂಟಿಯೋ, ಎಲ್ಲವನ್ನೂ ಹೇಳಿಬಿಡುತ್ತಿದ್ದ. ಒಮ್ಮೆ ಹಿಮ ಬಿದ್ದ ಬಯಲಿನಲ್ಲಿ ಎಂಟು ಮೈಲಿ ಆಚೆ ಒಂದು ಕುದುರೆ ಸೀನಿದ್ದನ್ನು ಕೇಳಿ, "ಅದರ ಮುಂಗಾಲಿನ ಲಾಳ ಸಡಿಲವಾಗಿದೆ" ಎಂದನಂತೆ. ಹೋಗಿ ನೋಡಿದರೆ ಸಡಿಲವಾಗಿಯೇ ಇತ್ತು. ಇದರಲ್ಲಿ ಒಂದಕ್ಷರವೂ ಉತ್ಪ್ರೇಕ್ಷೆಯಿಲ್ಲ. ನಂಬದವರು ವೆಂಡೆಲನನ್ನೇ ಕೇಳಬಹುದು. ನನಗೂ ಅವನೇ ಹೇಳಿದ್ದು.

ಇಂಥ ಮಹಾನುಭಾವನ ಲಾಯದಲ್ಲಿ ಬಿಷಪ್ ಎಂಬ ಕುದುರೆ ಇತ್ತು. ಕಂದು ಮೈ, ಕಪ್ಪು ಜೂಲು, ಕಪ್ಪು ಬಾಲ, ನಿಂತರೆ ಪೀಠಾಧಿಪತಿಯ ಗಾಂಭೀರ್ಯ. ಹೆಸರಿಟ್ಟವರು ಮುಖ ನೋಡಿ ಇಟ್ಟಿದ್ದರು. ನಡತೆ ನೋಡಿ ಇಟ್ಟಿದ್ದರೆ ಆ ಹೆಸರನ್ನು ಹೆಂಗಸರು ಮಕ್ಕಳ ಮುಂದೆ ಕರೆಯುವಂತಿರಲಿಲ್ಲ. ಎರಡು ವರ್ಷದಲ್ಲಿ ಅದು ಪಾದ್ರಿಯವರ ಹೆಂಡತಿಯ ಈಸ್ಟರ್ ಟೋಪಿಯನ್ನು ಹೂವಿನ ಸಮೇತ ತಿಂದಿತ್ತು. ಕುದುರೆ ಸಾಗಿಸುವ ಗಾಡಿಯ ಹಿಂದಿನ ದೀಪಗಳನ್ನು ಏಳು ಸಲ ಒದ್ದು ಒಡೆದಿತ್ತು. ನೀರು ಕಂಡರಂತೂ, ಅದು ಹೊಳೆಯಾಗಲಿ, ಮಳೆಯ ಗುಂಡಿಯಾಗಲಿ, ಬೆನ್ನ ಮೇಲಿರುವ ಸವಾರನ ಸಮೇತ ಅದರಲ್ಲಿ ಮಲಗಿಬಿಡುತ್ತಿತ್ತು.

ಆದರೂ ವೆಂಡೆಲನಿಗೆ ಅದೇ ಪ್ರಾಣ. ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿ ನಿವೃತ್ತನಾದ ಮೇಲೆ ಅವನು ಮನೆಯೊಳಗೆ ಬಂದರೆ ಯಾರೂ ತಲೆಯೆತ್ತಿ ನೋಡುತ್ತಿರಲಿಲ್ಲ. ಲಾಯಕ್ಕೆ ಬಂದರೆ ಬಿಷಪ್ ತಲೆಯೆತ್ತುತ್ತಿತ್ತು. ಅದು ನೋಡುವುದು ನಿನ್ನನ್ನಲ್ಲ, ನಿನ್ನ ಕೈಯಲ್ಲಿರುವ ಓಟ್ಸಿನ ಡಬ್ಬಿಯನ್ನು ಎಂದು ಹೆಂಡತಿ ಮಾರ್ಲಿಸ್ ಹೇಳುತ್ತಿದ್ದಳು. ಇರಬಹುದು. ಎತ್ತುತ್ತಿತ್ತಲ್ಲ!

ಆಗಸ್ಟಿನ ಒಂದು ಗುರುವಾರ ಮಾರ್ಲಿಸ್ ತಾಳ್ಮೆಯ ಕೊನೆಯ ಮೆಟ್ಟಿಲ ಮೇಲೆ ನಿಂತು ಹೇಳಿದಳು:

"ನೋಡು ವೆಂಡೆಲ್, ಸೋಮವಾರ ಕುದುರೆ ವ್ಯಾಪಾರಿಗೆ ಬರೋಕೆ ಹೇಳಿದೀನಿ. ಅಷ್ಟರಲ್ಲಿ ಪಾರ್ಕಲ್ಲಿ ಮೂರು ದಿನ ಕ್ಯಾಂಪ್ ಇದೆ. ಶುಕ್ರ, ಶನಿ, ಭಾನು. ನಿನ್ನ ಬಿಷಪ್ಪು ಆ ಮೂರು ದಿನ ಜನರೆದುರಿಗೆ ನಮ್ಮ ಮಾನ ಕಳೀದೆ ಇದ್ರೆ, ವ್ಯಾಪಾರಿಗೆ ಬರಬೇಡಿ ಅಂತ ಫೋನ್ ಮಾಡ್ತೀನಿ. ಇಲ್ದಿದ್ರೆ..."

"ಇಲ್ದಿದ್ರೆ?"

"ಇಲ್ದಿದ್ರೆ ಏನಿಲ್ಲ. ಕಾಫಿ ಕುಡಿ, ಆರಿಹೋಗುತ್ತೆ."

ಮಿನೆಸೋಟದ ಹೆಂಗಸು ಇಷ್ಟು ಹೇಳಿದಳೆಂದರೆ ಬೇರೆ ದೇಶದ ಹೆಂಗಸು ಪಾತ್ರೆ ಎಸೆದಳೆಂದೇ ಲೆಕ್ಕ.

ಹೀಗೆ ಶುಕ್ರವಾರ ಮಧ್ಯಾಹ್ನ ವೆಂಡೆಲ್, ಮಾರ್ಲಿಸ್, ಮಾರ್ಲಿಸಳ ತಾಯಿ ಎಂಬತ್ತೆರಡರ ಆರ್ಡಿಸ್, ಮಾರ್ಲಿಸಳ ಹೆಣ್ಣು ಕುದುರೆ ಮತ್ತು ಬಿಷಪ್, ಇಷ್ಟು ಜನ ಬಾಸ್‌ವುಡ್ ಕೆರೆಯ ಪ್ರಾದೇಶಿಕ ಉದ್ಯಾನ ತಲುಪಿದರು. ಅಲ್ಲಿ ಕುದುರೆಯವರಿಗೆಂದೇ ಒಂದು ಮೂಲೆಯಿದೆ: ಓಕ್ ಮರಗಳ ಕೆಳಗೆ ಹದಿನೆಂಟು ಬಿಡಾರ, ಪಕ್ಕದಲ್ಲಿ ಸಾಲಾಗಿ ಕಬ್ಬಿಣದ ಕಂಬಿಯ ದೊಡ್ಡಿಗಳು, ಒಂದು ನೀರಿನ ಪಂಪು. ಜೊತೆಗೆ ಒಂದು ಅಲಿಖಿತ ನಿಯಮ. ಯಾರಾದರೂ ಹೊಸಬರು ಕುದುರೆ ಗಾಡಿಯನ್ನು ಹಿಂದಕ್ಕೆ ಬಿಟ್ಟು ಜಾಗಕ್ಕೆ ಕೂರಿಸಲು ಹೊರಟರೆ, ಉಳಿದ ಹದಿನೇಳು ಬಿಡಾರದವರು ಮಡಚುವ ಕುರ್ಚಿ ಹಾಕಿಕೊಂಡು ನೋಡಲು ಕೂರುತ್ತಾರೆ. ಯಾರೂ ನಗುವುದಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಾಗಿತ್ತು.

ಎಪ್ಪತ್ತೆರಡು ಮಕ್ಕಳು ಕಿರಿಚುವ ಬಸ್ಸನ್ನು ಮಂಜುಗಡ್ಡೆಯ ಮೇಲೆ ಓಡಿಸಿದ ವೆಂಡೆಲ್ ಆ ಗಾಡಿಯನ್ನು ಹಿಂದಕ್ಕೆ ಬಿಟ್ಟ. ಗಾಡಿ ಎಡಕ್ಕೆ ಹೋಯಿತು. ಮುಂದೆ ತಂದು ಮತ್ತೆ ಬಿಟ್ಟ. ಬಲಕ್ಕೆ ಹೋಯಿತು. ಹತ್ತೊಂಬತ್ತನೆಯ ಸಲಕ್ಕೆ ಅದು ನೀರಿನ ಪಂಪಿಗೆ ಮುತ್ತಿಟ್ಟು ನಿಂತಿತು. ಕುದುರೆಗಳು ಒಳಗೆ ನಿಂತು ನಿಂತು ಸೋತವೆಂದು ಯಾರೋ ಪುಣ್ಯಾತ್ಮರು ಅವನ್ನು ಇಳಿಸಿಕೊಂಡು ಹೋಗಿ ದೊಡ್ಡಿಗೆ ಸೇರಿಸಿದರು.

ಪಕ್ಕದ ಬಿಡಾರದಿಂದ ಒಬ್ಬ ಉದ್ದನೆಯ, ಸೌಮ್ಯ ಮುಖದ ಮನುಷ್ಯ ಎದ್ದು ಬಂದ. ಹೆಸರು ಹಾರ್ಲನ್.

"ನಾನೊಂದು ಕೈ ಹಾಕ್ಲಾ?"

"ಬೇಡ ಬೇಡ," ಎಂದ ವೆಂಡೆಲ್.

"ಏನೂ ತೊಂದ್ರೆ ಇಲ್ಲ, ಸುಮ್ನೆ ಕೂತಿದ್ದೆ."

"ಅಯ್ಯೋ, ನಿಮಗ್ಯಾಕೆ ಶ್ರಮ."

"ಒಂದು ನಿಮಿಷದ ಕೆಲಸ."

"ನೀವು ಅಷ್ಟು ಹೇಳ್ತಿದ್ದೀರಲ್ಲ, ಸರಿ."

ಅಲ್ಲಿ ಎಲ್ಲವೂ ಮೂರು ಸಲ. ಕಾಫಿಯಾಗಲಿ, ಸಹಾಯವಾಗಲಿ, ಸಾಯುವವನಿಗೆ ಆಂಬುಲೆನ್ಸಾಗಲಿ, ಎರಡು ಸಲ ಬೇಡವೆಂದು ಮೂರನೆಯ ಸಲ ಒಪ್ಪಿಕೊಳ್ಳಬೇಕು. ಎರಡಕ್ಕೇ ಕೇಳುವುದನ್ನು ನಿಲ್ಲಿಸಿದವನು ಒರಟ; ಒಂದಕ್ಕೇ ಹೂಂ ಎಂದವನು ಪಕ್ಕದ ವಿಸ್ಕಾನ್ಸಿನ್ ಕಡೆಯವನು.

ಹಾರ್ಲನ್ ಗಾಡಿ ಹತ್ತಿ, ಒಂದೇ ಸಲಕ್ಕೆ, ಒಂದೇ ಕೈಯಲ್ಲಿ, ಇನ್ನೊಂದು ಕೈಯಲ್ಲಿ ಕಾಫಿ ಲೋಟ ಹಿಡಿದು, ಗಾಡಿಯನ್ನು ಬೆಣ್ಣೆಯೊಳಗೆ ಚಾಕು ಇಳಿಸಿದ ಹಾಗೆ ಜಾಗಕ್ಕೆ ಇಳಿಸಿದ. ಹದಿನೇಳು ಕುರ್ಚಿಗಳು ಮೌನವಾಗಿ ಮಡಚಿಕೊಂಡವು.

ಇಂಥ ಗಾಯಕ್ಕೆ ವೆಂಡೆಲನ ಬಳಿ ಇದ್ದದ್ದು ಒಂದೇ ಮದ್ದು, ಬಾಯಿ.

"ಗಾಡಿ ನನ್ನ ಕೆಲಸ ಅಲ್ಲ ಬಿಡಿ," ಎಂದ, ಹದಿನೇಳು ಬಿಡಾರಕ್ಕೂ ಕೇಳುವ ಹಾಗೆ. "ನನ್ನದೇನಿದ್ರೂ ಕುದುರೆ. ನನ್ನ ಕುದುರೆ ಎಲ್ಲಿದೆ ಅಂತ ನಾನು ಯಾರನ್ನೂ ಕೇಳೋದಿಲ್ಲ ನೋಡಿ. ಮುಖ ಬೇಡ, ಹಿಂಭಾಗ ಸಾಕು. ಸಾವಿರ ಕುದುರೆ ಬಾಲ ತೋರಿಸಿ ನಿಲ್ಲಿಸಿ, ಕಣ್ಣು ಕಟ್ಟಿ ಬಿಡಿ, ನನ್ನದನ್ನ ಹಿಡ್ಕೊಂಡು ಬರ್ತೀನಿ."

ಹೀಗೆಂದವನೇ ನೇರ ದೊಡ್ಡಿಗೆ ಹೋಗಿ, ಬಾಲ ತೋರಿಸಿ ನಿಂತಿದ್ದ ಒಂದು ಕಂದು ಕುದುರೆಯನ್ನು ಹಿಡಿದುಕೊಂಡು ಬಂದ.

ಅದು ಹಾರ್ಲನ್‌ನ ಕುದುರೆ. ಹೆಸರು ಆಸ್ಕರ್. ಬಿಷಪ್ ಅದರ ಪಕ್ಕದ ದೊಡ್ಡಿಯಲ್ಲಿ, ಅದೇ ಕಂದು, ಅದೇ ಕಪ್ಪು, ಅದೇ ಎತ್ತರ, ಬಾಗಿಲಿನ ಚಿಲಕವನ್ನು ತಿನ್ನುತ್ತ ನಿಂತಿತ್ತು.

ಹಾರ್ಲನ್ ಬಾಯಿ ತೆರೆದ. ಮುಚ್ಚಿದ. ಅವನ ಹೆಂಡತಿ ಡಿಲೋರಿಸ್ ಮೊಣಕೈಯಿಂದ ತಿವಿದಳು.

"ಹಾರ್ಲನ್, ಅದು ನಮ್ಮ..."

"ಶ್! ಪಾಪ, ಈಗಷ್ಟೇ ಗಾಡಿ ವಿಷಯದಲ್ಲಿ ಮುಖ ಕೆಂಪಾಗಿದೆ. ಇನ್ನೊಂದ್ಸಲ ಮಾಡೋದು ಬೇಡ. ತಾನಾಗೇ ಗೊತ್ತಾಗುತ್ತೆ ಬಿಡು."

"ಗೊತ್ತಾಗದಿದ್ರೆ?"

"ಒಂದು ಸುತ್ತು ಹೋಗಿ ಬರ್ಲಿ. ಅಷ್ಟರಲ್ಲೇನು."

ಇದನ್ನು ನನಗೆ ಹೇಳಿದ್ದು ಡಿಲೋರಿಸ್. ವೆಂಡೆಲನಿಗೆ ಇದರ ಗಾಳಿಯೂ ಸೋಕಲಿಲ್ಲ. ಅವನು ಜೀನು ಹಾಕಿ ಹತ್ತಿ, ಮಾರ್ಲಿಸಳ ಜೊತೆ ಕಾಡಿನ ದಾರಿ ಹಿಡಿದ. ಹಾರ್ಲನ್ ತನ್ನ ಕುದುರೆಯಿಲ್ಲದೆ ಏನು ಮಾಡಬೇಕು? ಉಳಿದದ್ದನ್ನು ಹತ್ತಿ ಹಿಂದೆ ಹೊರಟ. ನೆರೆಯವನ ಮಾನ ಕಾಪಾಡಲು ಬಿಷಪ್ಪನ ಬೆನ್ನು ಹತ್ತಿದ ಮನುಷ್ಯನಿಗೆ ಆ ಜಿಲ್ಲೆಯಲ್ಲಿ ಒಂದು ಪ್ರತಿಮೆ ನಿಲ್ಲಿಸಬೇಕಾಗಿತ್ತು, ಕುದುರೆಯಿಲ್ಲದ ಪ್ರತಿಮೆ.

ಅರ್ಧ ಮೈಲಿಗೆ ಹೊಳೆ ಬಂತು. ಮಾರ್ಲಿಸ್ ಉಸಿರು ಬಿಗಿಹಿಡಿದಳು. ಕುದುರೆ ನೀರಿಗಿಳಿಯಿತು, ನೀರು ದಾಟಿತು, ಆಚೆ ದಡದಲ್ಲಿ ಒಮ್ಮೆ ಮೈ ಕೊಡವಿ ಸುಮ್ಮನೆ ನಿಂತಿತು.

"ವೆಂಡೆಲ್! ಮಲಗಲೇ ಇಲ್ಲ!"

"ಯಾಕೆ ಮಲಗುತ್ತೆ?"

"ಏನು ಮಾಡ್ದೆ ಇದಕ್ಕೆ?"

"ಕಿವೀಲಿ ಎರಡು ಮಾತು ಹೇಳಿದೆ, ಅಷ್ಟೆ."

ಹಿಂದೆ ಧೊಪ್ಪೆಂದು ಸದ್ದಾಯಿತು. ತಿರುಗಿ ನೋಡಿದರೆ ಹಾರ್ಲನ್‌ನ ಕೆಳಗಿದ್ದ ಕುದುರೆ ಹೊಳೆಯ ನಡುವೆ ಕಾಲು ಚಾಚಿ ಮಲಗಿತ್ತು. ಹಾರ್ಲನ್‌ನ ಟೋಪಿ ಮಾತ್ರ ನೀರಿನ ಮೇಲೆ ಕಾಣುತ್ತಿತ್ತು. ಮರುಕ್ಷಣ ಅದೂ ಕಾಣಲಿಲ್ಲ, ಕುದುರೆ ತಿಂದಿತ್ತು.

"ಆರಾಮಾ ಹಾರ್ಲನ್?" ವೆಂಡೆಲ್ ಕೂಗಿದ.

"ಹೂಂ, ಆರಾಮು," ನೀರಿನಿಂದ ದನಿ ಬಂತು. "ಸೆಕೆಗೆ ಹಿತವಾಗಿದೆ."

"ಪಾಪ, ಕೆಲವರಿಗೆ ಕುದುರೆ ಸಂಭಾಳಿಸೋಕೆ ಬರೋಲ್ಲ," ಎಂದಳು ಮಾರ್ಲಿಸ್, ಗಂಡನ ಕಡೆ ಹನ್ನೆರಡು ವರ್ಷದಿಂದ ನೋಡದಿದ್ದ ರೀತಿಯಲ್ಲಿ ನೋಡುತ್ತ. ಆ ನೋಟ ಕಂಡ ಹಾರ್ಲನ್‌ಗೆ ಸಂಜೆ ಕುದುರೆ ವಾಪಸ್ ಕೇಳಲು ಮನಸ್ಸಾಗಲಿಲ್ಲ.

ಶನಿವಾರ ಬೆಳಗ್ಗೆ ಉದ್ಯಾನದ ರೇಂಜರ್ ಬಂದಳು. ಯೆರ್ ವಾಂಗ್ ಎಂದು ಹೆಸರು. ಅಜ್ಜ ಅಜ್ಜಿ ಲಾವೋಸಿನ ಗುಡ್ಡದವರು, ಇವಳು ರಾಜಧಾನಿ ಸೇಂಟ್ ಪಾಲ್‌ನವಳು, ಮಾತಿನಲ್ಲಿ ಓಡೆಗಾರ್ಡ್ ವಂಶದ ಎಲ್ಲರಿಗಿಂತ ಹೆಚ್ಚು ಮಿನೆಸೋಟದವಳು. ಪಾರ್ಕಿಗೆ ಬರುವ ಪ್ರತಿ ಕುದುರೆಗೂ ರಕ್ತಪರೀಕ್ಷೆಯ ಕಾಗದವಿರಬೇಕು. ಆ ಕಾಗದದಲ್ಲಿ ಕುದುರೆಯ ಚಿತ್ರ ಬರೆದು ಮಚ್ಚೆ ಎಲ್ಲಿ, ಬಿಳಿ ಎಲ್ಲಿ ಎಂದು ಗುರುತು ಹಾಕಿರುತ್ತಾರೆ.

"ತೊಂದ್ರೆ ಕೊಡೋಕೆ ಬೇಜಾರು," ಎಂದಳು ಯೆರ್. "ಕಾಗದದಲ್ಲಿ ಹಿಂದಿನ ಎಡಗಾಲಲ್ಲಿ, ಗೊರಸಿನ ಮೇಲೆ ಎರಡು ಬೆರಳಷ್ಟು ಬಿಳಿ ಅಂತಿದೆ."

"ಇರಬೇಕಲ್ಲ. ಕೆಸರು ಮೆತ್ತಿದೆ," ಎಂದ ವೆಂಡೆಲ್.

ಯೆರ್ ಒದ್ದೆ ಬಟ್ಟೆಯಿಂದ ಒರೆಸಿದಳು. ಕಪ್ಪು. ಇನ್ನಷ್ಟು ಒರೆಸಿದಳು. ಇನ್ನಷ್ಟು ಕಪ್ಪು.

ಆ ಗಳಿಗೆಯಲ್ಲಿ, ಓದುಗರೇ, ವೆಂಡೆಲನ ನೆತ್ತಿಗೆ ಸಿಡಿಲು ಬಡಿಯಿತು. ಆಕಾಶದಲ್ಲಿ ಮೋಡವಿರಲಿಲ್ಲ, ಆದರೂ ಬಡಿಯಿತು. ಇದು ಬಿಷಪ್ ಅಲ್ಲ! ಕಣ್ಣು ತಾನಾಗಿ ಪಕ್ಕದ ಬಿಡಾರಕ್ಕೆ ಹೊರಳಿತು. ಅಲ್ಲಿ ಹಾರ್ಲನ್ ಎಡಗೈಯನ್ನು ಕೊರಳಿಗೆ ಜೋಲಿ ಕಟ್ಟಿಕೊಂಡು ನಿಂತಿದ್ದ. ಅವನ ಹಿಂದೆ ನಿಂತ ಕುದುರೆ ಡೇರೆಯ ಗೂಟಗಳನ್ನು ಒಂದೊಂದಾಗಿ ಕೀಳುತ್ತಿತ್ತು. ಒಪ್ಪಿಕೊಳ್ಳೋಣವೆಂದರೆ ಮಾರ್ಲಿಸ್ ನಾಲ್ಕು ಹೆಜ್ಜೆ ದೂರದಲ್ಲಿ ಆ ಕುದುರೆಯ ಮೂಗು ಸವರುತ್ತಿದ್ದಾಳೆ. ಸೋಮವಾರ ವ್ಯಾಪಾರಿ ಬರುತ್ತಾನೆ.

"ಬೇಸಿಗೇಲಿ ಹೋಗುತ್ತೆ ಇದಕ್ಕೆ," ಎಂದ.

"ಏನು ಹೋಗುತ್ತೆ?"

"ಬಿಳಿ. ಹಿಮ ಬಿದ್ಮೇಲೆ ವಾಪಸ್ ಬರುತ್ತೆ. ನಮ್ಮ ಕಡೆ ಮೊಲಕ್ಕೆ ಬರೋಲ್ವಾ, ಹಾಗೆ."

ಯೆರ್ ಒದ್ದೆ ಬಟ್ಟೆ ಹಿಂಡಿದಳು. "ಓಹ್," ಎಂದಳು. "ಅದೊಂಥರಾ ಬೇರೆ."

ಆ ಊರಲ್ಲಿ 'ಅದೊಂಥರಾ ಬೇರೆ' ಎಂದರೆ ಅದಕ್ಕಿಂತ ಕೆಟ್ಟ ಬೈಗುಳವಿಲ್ಲ. ಮದುವೆಗಳು ಆ ಮಾತಿನಿಂದ ಮುರಿದಿವೆ.

ಅವಳು ಪಕ್ಕದ ಬಿಡಾರಕ್ಕೆ ಹೋದಳು. "ನಿಮ್ಮ ಕಾಗದದಲ್ಲಿ ಎಲ್ಲೂ ಬಿಳಿ ಇಲ್ಲ. ಆದ್ರೆ ಈ ಹಿಂಗಾಲಲ್ಲಿ ಇದೆಯಲ್ಲ?"

ಹಾರ್ಲನ್ ವೆಂಡೆಲನ ಕಡೆ ನೋಡಿದ. ವೆಂಡೆಲ್ ಓಕ್ ಮರದ ಕಡೆ ನೋಡಿದ.

"ಬಣ್ಣ ಅದು," ಎಂದ ಹಾರ್ಲನ್. ಜನ್ಮದಲ್ಲಿ ಮೊದಲ ಸುಳ್ಳು; ಕಿವಿ ಕೆಂಪಾದವು. "ಬೇಲಿಗೆ ಬಳೀತಿದ್ವಿ."

"ಹಿಂಗಾಲಿಗೆ ಮಾತ್ರ?"

"ಹಿಂದಕ್ಕೆ ನಡೀತಾ ಬಂತು."

ಯೆರ್ ಎರಡೂ ಕಾಗದಗಳನ್ನು ಬಹಳ ನಿಧಾನವಾಗಿ ಮಡಚಿದಳು. "ಭಾನುವಾರ ಹೊರಡೋ ಮುಂಚೆ ಇನ್ನೊಂದ್ಸಲ ಬರ್ತೀನಿ. ಅಷ್ಟರಲ್ಲಿ ಬಣ್ಣ ಹೋಗಿರಬಹುದು. ಅಥವಾ ಬಂದಿರಬಹುದು."

ಇಷ್ಟಕ್ಕೇ ನಿಂತಿದ್ದರೆ ವೆಂಡೆಲ್ ಮನುಷ್ಯನಾಗಿ ಉಳಿಯುತ್ತಿದ್ದ. ಆದರೆ ಅಂದು ಮಧ್ಯಾಹ್ನ ಎಲ್ಲ ಬಿಡಾರದವರೂ ಒಂದೊಂದು ಅಡುಗೆ ತಂದು ಒಟ್ಟಿಗೆ ಊಟ ಮಾಡುವುದಿತ್ತು. ಒಂದೇ ಪಾತ್ರೆಯಲ್ಲಿ ಎಲ್ಲ ಹಾಕಿ ಬೇಯಿಸಿದ ಹನ್ನೊಂದು ಬಗೆಯ ಹಾಟ್‌ಡಿಶ್, ಎಲ್ಲದರ ಮೇಲೂ ಅದೇ ಆಲೂಗಡ್ಡೆ ಉಂಡೆ. ಮಾರ್ಲಿಸ್ ಎದ್ದು ನಿಂತು, ತನ್ನ ಗಂಡ ಕಿವಿಯಲ್ಲಿ ಎರಡೇ ಮಾತು ಹೇಳಿ ಒಂದು ರಾಕ್ಷಸ ಕುದುರೆಯನ್ನು ಒಂದೇ ದಿನದಲ್ಲಿ ಸಂತನನ್ನಾಗಿ ಮಾಡಿದ್ದಾನೆಂದು ಸಾರಿದಳು. ಮೂವತ್ತಾರು ವರ್ಷದ ಸಂಸಾರದಲ್ಲಿ ಅವಳು ಅವನನ್ನು ನಾಲ್ಕು ಜನರೆದುರು ಹೊಗಳಿದ್ದು ಅದೇ ಮೊದಲು. ಹಾಗೆ ಹೊಗಳಿಸಿಕೊಂಡವನು ಎದ್ದು ನಿಂತು ನಿಜ ಹೇಳುತ್ತಾನೆಯೇ? ನೀವಾದರೂ ಹೇಳುತ್ತಿದ್ದಿರೇ?

"ಕಿವೀಲಿ ಹೇಳೋದು ಅಂದ್ರಲ್ಲ, ಏನು ಹೇಳ್ತೀರಿ?" ಯಾರೋ ಕೇಳಿದರು.

"ಹಳೇ ನಾರ್ವೇಜಿಯನ್ ಮಾತು," ಎಂದ ವೆಂಡೆಲ್, ಬೆವರುತ್ತ. "ಮುತ್ತಜ್ಜನ ಕಾಲದ್ದು. ಎಡಗಿವೀಲಿ ಹೇಳಬೇಕು. ಖಾಲಿ ಹೊಟ್ಟೇಲಿ."

"ಕುದುರೆದಾ, ನಮ್ಮದಾ?"

"ಇಬ್ಬರದೂ."

ಜನ ಕಾಗದ ಪೆನ್ಸಿಲು ತಂದರು. ಎದುರಿನ ಸಾಲಿನಲ್ಲೇ ಕೂತಿದ್ದ ಹಾರ್ಲನ್, ಒಂದು ಕೈ ಜೋಲಿಯಲ್ಲಿ, ತಲೆಗೆ ಹೆಂಡತಿಯ ಹೂವಿನ ಟೋಪಿ, ಇನ್ನೊಂದು ಕೈಯಿಂದ ಎಲ್ಲವನ್ನೂ ಶ್ರದ್ಧೆಯಿಂದ ಬರೆದುಕೊಂಡ. ಅವನಿಗೆ ನಿಜಕ್ಕೂ ಬೇಕಾಗಿತ್ತು.

ಆಗ ಅತ್ತೆ ಆರ್ಡಿಸ್ ಫೋರ್ಕನ್ನು ತಟ್ಟೆಯ ಮೇಲಿಟ್ಟು ಹೇಳಿದರು: "ನನ್ನ ಹತ್ತಿಸಿ."

"ಏನಮ್ಮಾ?"

"ಆ ಕುದುರೆ ಮೇಲೆ ಹತ್ತಿಸಿ ಅಂದೆ. ಇಪ್ಪತ್ತು ವರ್ಷ ಆಯ್ತು ಹತ್ತಿ. ಅಷ್ಟು ಸಾಧು ಆಗಿದ್ರೆ ನಾನು ಕೂತೇ ನೋಡ್ತೀನಿ."

ನಾಲ್ಕು ಜನ ಹಿಡಿದು ಹತ್ತಿಸಿದರು. ಆಸ್ಕರ್ ಮೊಟ್ಟೆ ಹೊತ್ತವನ ಹಾಗೆ ನಡೆಯಿತು. ಆರ್ಡಿಸ್ ಕೆರೆಯ ದಂಡೆಯವರೆಗೂ ಹೋಗಿ ಬಂದರು. ಬಂದಾಗ ಅವರ ಕೆನ್ನೆ ಕೆಂಪಾಗಿತ್ತು, ಬೆನ್ನು ನೇರವಾಗಿತ್ತು, ಹಾಲಿನ ಡೈರಿಯ ಮನೆಯಲ್ಲಿ ಬೆಳೆದ ಹುಡುಗಿಯೊಬ್ಬಳು ಆ ಮುಖದಲ್ಲಿ ಹಣಕಿ ನೋಡುತ್ತಿದ್ದಳು. ಅಳಿಯನನ್ನು ಹತ್ತಿರ ಕರೆದರು.

"ವೆಂಡೆಲ್, ನೀನು ದಡ್ಡ ಅಂತ ನಾನು ಮೊದಲ ದಿನದಿಂದ ಹೇಳ್ತಾ ಬಂದಿದೀನಿ."

"ಹೌದು ಆರ್ಡಿಸ್."

"ಅಷ್ಟೊಂದು ಅಲ್ಲ. ಮಂಗಳವಾರ ನಿಮ್ಮನೆಗೆ ಬರ್ತೀನಿ. ಜೀನು ಹಾಕಿ ಇಟ್ಟಿರು. ಇನ್ಮೇಲೆ ಪ್ರತಿ ಮಂಗಳವಾರ."

ಮಾರ್ಲಿಸ್ ಕಣ್ಣೊರೆಸಿಕೊಂಡು ಅಲ್ಲಿಂದಲೇ ವ್ಯಾಪಾರಿಗೆ ಫೋನ್ ಮಾಡಿ, ಬರುವುದು ಬೇಡವೆಂದಳು.

ವೆಂಡೆಲ್ ಬಯಸಿದ್ದೆಲ್ಲ ಸಿಕ್ಕಿತ್ತು. ಬಿಷಪ್ ಉಳಿಯಿತು. ಹೆಂಡತಿ ಹೊಗಳಿದಳು. ಅತ್ತೆ ದಡ್ಡತನದಲ್ಲಿ ರಿಯಾಯಿತಿ ಕೊಟ್ಟರು. ಅವನು ಗಾಡಿಯ ಹಿಂದೆ ಹೋಗಿ ತಲೆಯನ್ನು ಒಣಹುಲ್ಲಿನ ಕಟ್ಟಿಗೆ ಒತ್ತಿ ನಿಂತ. ಮಂಗಳವಾರದ ದೃಶ್ಯ ಕಣ್ಣ ಮುಂದೆ ಬಂತು: ಎಂಬತ್ತೆರಡರ ಆರ್ಡಿಸ್, ಈಚೆಗೆ ಡಾಕ್ಟರು ಕೂರಿಸಿದ ಹೊಸ ಸೊಂಟದ ಕೀಲು, ಕೆಳಗೆ ಬಿಷಪ್, ಎದುರಿಗೆ ನೀರು. ಆ ದೃಶ್ಯ ಮೂವತ್ತಾರು ವರ್ಷದಲ್ಲಿ ಎಂದೂ ಅವನ ಮನಸ್ಸಿಗೆ ಬಂದೇ ಇರಲಿಲ್ಲವೆಂದು ನಾನು ಪ್ರಮಾಣ ಮಾಡಲಾರೆ. ಆದರೆ ಈಗ ಬಂದಾಗ ಅವನಿಗೆ ನಗು ಬರಲಿಲ್ಲ.

ಉಳಿದದ್ದು ಒಂದೇ ದಾರಿ. ಯಾರಿಗೂ ಗೊತ್ತಾಗದ ಹಾಗೆ ಕುದುರೆ ಬದಲಾಯಿಸಿಕೊಳ್ಳಬೇಕು, ಆಮೇಲೆ ಆರ್ಡಿಸ್‌ಗೆ ಮಂಗಳವಾರದೊಳಗೆ ಏನಾದರೂ ನೆಪ ಹೇಳಬೇಕು. ನೇರ ಹಾರ್ಲನ್‌ನ ಬಿಡಾರಕ್ಕೆ ಹೋದ. ಹಾರ್ಲನ್ ಕುಂಟುತ್ತ ಎದ್ದು ನಿಂತ. ಇಬ್ಬರೂ ಪ್ಯಾಂಟಿನ ಜೇಬಿಗೆ ಕೈಹಾಕಿ ಹಾರ್ಲನ್‌ನ ಗಾಡಿಯ ಟೈರನ್ನು ನೋಡುತ್ತ ನಿಂತರು.

"ಬಿಸಿಲು ಜಾಸ್ತಿ," ಎಂದ ವೆಂಡೆಲ್.

"ಮಳೆ ಬರಬಹುದು," ಎಂದ ಹಾರ್ಲನ್.

"ಟೈರು ಹೊಸದಾ?"

"ಹೋದ ವರ್ಷದ್ದು."

"ಚೆನ್ನಾಗಿದೆ."

"ಪರವಾಗಿಲ್ಲ."

ಹೀಗೆ ಇಪ್ಪತ್ತು ನಿಮಿಷ ಕಳೆದ ಮೇಲೆ ವೆಂಡೆಲ್ ಗಂಟಲು ಸರಿಮಾಡಿಕೊಂಡ.

"ನಿಮ್ಮ ಕುದುರೆ... ಸ್ವಲ್ಪ ತುಂಟ ಅನ್ಸುತ್ತೆ."

"ಅಯ್ಯೋ, ಇಲ್ಲಪ್ಪ. ಉತ್ಸಾಹ ಅಷ್ಟೆ," ಎಂದ ಹಾರ್ಲನ್. ಪಕ್ಕೆಲುಬು ಹಿಡಿದುಕೊಂಡ.

"ಬೇಕಾದ್ರೆ ನಾವು... ಒಂದಷ್ಟು ಹೊತ್ತು... ಅದಲು ಬದಲು ಮಾಡ್ಕೋಬಹುದು."

"ಬೇಡ ಬೇಡ."

ಒಂದು.

"ನಂಗೇನೂ ತೊಂದ್ರೆ ಇಲ್ಲ ಹಾರ್ಲನ್."

"ಅಯ್ಯೋ, ನಿಮಗ್ಯಾಕೆ ಶ್ರಮ." ಹಾರ್ಲನ್‌ನ ಕಣ್ಣಲ್ಲಿ ಆಸೆ ಮಿಂಚಿತು. ಕೈ ಆಗಲೇ ಜೇಬಿನಿಂದ ಅರ್ಧ ಹೊರಗೆ ಬಂದಿತ್ತು.

ಎರಡು.

ವೆಂಡೆಲ್ ಮೂರನೆಯದಕ್ಕೆ ಬಾಯಿ ತೆರೆದ. ಇನ್ನು ನಾಲ್ಕು ಮಾತು, ಎಲ್ಲ ಮುಗಿಯುತ್ತಿತ್ತು. ಅಷ್ಟರಲ್ಲಿ ಹಿಂದಿನಿಂದ ಮಾರ್ಲಿಸ್ ತಟ್ಟೆ ಹಿಡಿದು ಬಂದಳು. "ಹಾರ್ಲನ್, ನಿಂಬೆಹಣ್ಣಿನ ಸಿಹಿ ಮಾಡಿದೀನಿ, ತಗೊಳ್ಳಿ!"

"ಬೇಡ ಬೇಡ," ಎಂದ ಹಾರ್ಲನ್ ಅಭ್ಯಾಸಬಲದಿಂದ.

ಅದು ಮೂರು ಸಲ ನಡೆಯಿತು. ತಿಂದದ್ದಾಯಿತು, ಹೊಗಳಿದ್ದಾಯಿತು. ಮಾರ್ಲಿಸ್ ಹೋಗಲಿಲ್ಲ. ನಡುವೆ ಮುರಿದ ಮಾತನ್ನು ಮತ್ತೆ ಮೊದಲಿನಿಂದ ಎತ್ತುವುದು ಸಭ್ಯರಿಗೆ ತರವಲ್ಲ. ಎರಡು ಸಲ ಬೇಡವೆಂದ ಹಾರ್ಲನ್, ಬೇಡವೆಂದವನಾಗಿಯೇ ಉಳಿದ. ಅವನ ಕೈ ನಿಧಾನವಾಗಿ ಜೇಬಿಗೆ ಹಿಂದಿರುಗಿದ್ದನ್ನು ವೆಂಡೆಲ್ ನೋಡಿದ. ಒಂದು ರಾಜ್ಯವೇ ಮುಳುಗುವುದನ್ನು ದಡದಲ್ಲಿ ನಿಂತು ನೋಡಿದ ಹಾಗಾಯಿತು.

ಭಾನುವಾರ ಬೆಳಗ್ಗೆ ಎಲ್ಲರೂ ಗಂಟುಮೂಟೆ ಕಟ್ಟಿದರು. ಆರ್ಡಿಸ್ ಕುರ್ಚಿಯಲ್ಲಿ ಕೂತು, "ನನ್ನ ಕುದುರೆಯನ್ನ ಹುಷಾರಾಗಿ ಹತ್ತಿಸು," ಎಂದು ಆಜ್ಞೆ ಕೊಡುತ್ತಿದ್ದರು. ರೇಂಜರ್ ಯೆರ್ ಎರಡು ಕಾಗದ ಹಿಡಿದು ಬಂದು ನಿಂತಳು. ವೆಂಡೆಲ್ ಹಗ್ಗ ಹಿಡಿದು ಆಸ್ಕರನ್ನು ತನ್ನ ಗಾಡಿಯ ಬಾಗಿಲಿಗೆ ತಂದ.

ಹಾರ್ಲನ್ ಬಂದ. ಕೈಯಲ್ಲಿ ಹಳೆಯ, ಹಿಡಿ ಸವೆದ ಒಂದು ಬ್ರಷ್ಷಿತ್ತು.

"ಇದು... ನಿಮ್ಮ ಕುದುರೆಗೆ," ಎಂದ. "ಇಟ್ಕೊಳ್ಳಿ. ಹೊಸ ಬ್ರಷ್ ಆದ್ರೆ ಅದಕ್ಕೆ ಹಿಡಿಸೋಲ್ಲ... ಅಂತ ನಂಗನ್ಸುತ್ತೆ. ನಂಗೇನು ಗೊತ್ತು. ಗುಡುಗು ಬಂದ್ರೆ ಹತ್ರ ಹೋಗಿ ನಿಂತ್ಕೊಳ್ಳಿ, ಸಾಕು. ಇಂಥ ಕುದುರೆಗಳು ಸಾಮಾನ್ಯವಾಗಿ ಗುಡುಗಿಗೆ ಹೆದರ್ತವೆ. ನಾನು ಒಂದನ್ನ ಮರಿಯಿಂದ ಸಾಕಿದ್ದೆ, ಹತ್ತೊಂಬತ್ತು ವರ್ಷ..." ಕುದುರೆ ಮುಖವನ್ನು ಅವನ ಎದೆಗೆ ಒತ್ತಿತು. ಅವನು ಸಭ್ಯತೆಯಿಂದ ಒಂದು ಹೆಜ್ಜೆ ಹಿಂದೆ ಸರಿದ. ಹಿಂದೆ ಡಿಲೋರಿಸ್ ಖಾಲಿ ಹಾಟ್‌ಡಿಶ್ ಪಾತ್ರೆಯೊಳಗೆ ಮುಖವಿಟ್ಟು ಅಳುತ್ತಿದ್ದಳು.

ಆ ಮನುಷ್ಯ ನಿಜವಾಗಿಯೂ ಕೊಟ್ಟೇ ಬಿಡುವವನಿದ್ದ. ಒಬ್ಬ ಅಪರಿಚಿತನ ಮುಖ ಕೆಂಪಾಗಬಾರದೆಂದು, ಹತ್ತೊಂಬತ್ತು ವರ್ಷವನ್ನು ಇನ್ನೊಬ್ಬರ ಗಾಡಿಗೆ ಹತ್ತಿಸಿ, ಬಿಷಪ್ಪನನ್ನು ಮನೆಗೆ ಒಯ್ಯುವವನಿದ್ದ.

"ಇದು ನನ್ನ ಕುದುರೆ ಅಲ್ಲ," ಎಂದ ವೆಂಡೆಲ್.

ಹದಿನೇಳು ಬಿಡಾರದಲ್ಲಿ ಕುರ್ಚಿಗಳು ಬಿಚ್ಚಿಕೊಂಡ ಸದ್ದು.

"ಅಯ್ಯೋ, ಹಾಗೆಲ್ಲ ಅನ್ಬೇಡಿ," ಎಂದ ಹಾರ್ಲನ್ ಗಾಬರಿಯಿಂದ. "ನಿಮ್ಮದೇ."

"ಅಲ್ಲ ಹಾರ್ಲನ್, ನಿಮ್ಮದು. ತಗೊಳ್ಳಿ."

"ಇರಬಹುದು. ಆದ್ರೂ ನೀವು ಇಟ್ಕೊಂಡ್ರೆ ನಮಗೇನೂ..."

"ಹಾರ್ಲನ್," ಎಂದ ವೆಂಡೆಲ್, ಹಗ್ಗವನ್ನು ಅವನ ಕೈಗೆ ತುರುಕಿ, "ದಯವಿಟ್ಟು."

"ನೀವು ಅಷ್ಟು ಹೇಳ್ತಿದ್ದೀರಲ್ಲ," ಎಂದವನೇ ಹಾರ್ಲನ್ ಕುದುರೆಯ ಜೂಲಿನಲ್ಲಿ ಮುಖ ಹುದುಗಿಸಿದ. ಎಷ್ಟು ಹೊತ್ತಾದರೂ ಎತ್ತಲಿಲ್ಲ.

"ಹಾಗಾದ್ರೆ," ಆರ್ಡಿಸ್ ಕೋಲೂರಿ ಎದ್ದರು, "ಮಂಗಳವಾರ ನನ್ನ ಹತ್ತಿಸೋಕೆ ಇದ್ದಿದ್ದು ಯಾವುದರ ಮೇಲೆ?"

ಎಲ್ಲರೂ ಆ ಕಡೆ ನೋಡಿದರು. ಬಿಷಪ್ ರೇಂಜರಳ ಕೈಯಿಂದ ಎರಡೂ ಕಾಗದಗಳನ್ನು ಎಳೆದುಕೊಂಡು ನಿಧಾನವಾಗಿ ಅಗಿಯುತ್ತಿತ್ತು.

"ಅದೊಂಥರಾ ಬೇರೆ," ಎಂದಳು ಯೆರ್.

ಆರ್ಡಿಸ್ ಮತ್ತೆ ಕೂತರು. ಬೆನ್ನು ಬಾಗಿತು, ನಿನ್ನೆ ಹಣಕಿದ್ದ ಹುಡುಗಿ ಒಳಗೆ ಹೊರಟುಹೋದಳು. ಬೈದಿದ್ದರೆ ವೆಂಡೆಲ್ ತಾಳಿಕೊಳ್ಳುತ್ತಿದ್ದ. ಬೈಯಲಿಲ್ಲ.

ಮಾರ್ಲಿಸ್ ಫೋನ್ ತೆಗೆದಳು. ಒಂದೇ ವಾಕ್ಯ. "ನಾಳೆ ಬನ್ನಿ, ಕುದುರೆ ಕೊಡ್ತೀವಿ." ಫೋನನ್ನು ಜೇಬಿಗಿಟ್ಟು ಗಂಡನ ಕಡೆ ತಿರುಗಿದಳು.

"ನಿಂಗೆ ಯಾವಾಗ ಗೊತ್ತಾಯ್ತು?"

"ನಿನ್ನೆ," ಎಂದ ವೆಂಡೆಲ್. "ರೇಂಜರ್ ಕಾಲು ಒರೆಸಿದಾಗ."

ನಾನೂ ನಿಮಗೆ ಹಾಗೇ ಹೇಳಿದ್ದೆ, ಸಿಡಿಲಿನ ಸಮೇತ. ಅವನು ನನಗೆ ಹೇಳಿದ್ದನ್ನು ನಾನು ನಿಮಗೆ ಹೇಳಿದೆ. ಸಿಡಿಲೊಂದು ನನ್ನ ಕಡೆಯದು. ಆದರೆ ಮಾರ್ಲಿಸ್ ನಿಮ್ಮ ಹಾಗೆ ಕಥೆ ಓದಲು ಕೂತವಳಲ್ಲ.

"ವೆಂಡೆಲ್," ಎಂದಳು. ಅಷ್ಟೆ.

ಜನ ಸಭ್ಯತೆಯಿಂದ ಆಕಾಶ ನೋಡಿದರು, ಟೈರು ನೋಡಿದರು. ವೆಂಡೆಲ್ ಸುತ್ತ ನೋಡಿದ. ಕುದುರೆ ಹೋಗಿತ್ತು, ಹೊಗಳಿಕೆ ಹೋಗಿತ್ತು, ಕಾಪಾಡಿಕೊಳ್ಳಲು ಇನ್ನೇನೂ ಉಳಿದಿರಲಿಲ್ಲ.

"ಶುಕ್ರವಾರ," ಎಂದ, ನೆಲ ನೋಡುತ್ತ. "ಜೀನು ಹಾಕಿ ಹೊಟ್ಟೆಪಟ್ಟಿ ಬಿಗಿದೆ. ಎರಡು ವರ್ಷದಲ್ಲಿ ಒಂದು ದಿನಾನೂ ತಪ್ಪಿಲ್ಲ ಮಾರ್ಲಿಸ್, ಬಿಗಿದ ತಕ್ಷಣ ಬಿಷಪ್ ತಿರುಗಿ ನನ್ನ ಭುಜ ಕಚ್ಚುತ್ತೆ. ಇದು ಕಚ್ಚಲಿಲ್ಲ. ಸುಮ್ನೆ ನಿಂತಿತ್ತು. ಇನ್ನೂ ಒಂದು ತೂತು ಬಿಗಿದು ನೋಡಿದೆ. ಕಚ್ಚಲಿಲ್ಲ. ಎಲ್ಲರೂ ನೋಡ್ತಾ ಇದ್ರು. ಹತ್ತಿಬಿಟ್ಟೆ."